ತಟ್ಟೆ ಬಾರದ ವರ್ಷ

ಕಸಿಲ್ದಾ ಕುಡಿಯುವುದು ಬಹಳ ಕಡಿಮೆ. ಮಧ್ಯಾಹ್ನದ ಊಟದ ಜೊತೆ ಅರ್ಧ ಲೋಟ, ಅದೂ ಕಾಳು ಬೇಯಿಸಿದ ದಿನ. ಮಿಕ್ಕಂತೆ ಅವಳು ವೈನನ್ನು ಬಾಯಿಗೆ ಹಾಕಿಕೊಂಡು, ಕೆನ್ನೆಯೊಳಗೆ ಎರಡು ಸಲ ಆಡಿಸಿ, ಬಚ್ಚಲಿಗೆ ಉಗುಳುತ್ತಾಳೆ. ಅವಳು ಉಗುಳಿದ್ದನ್ನೆಲ್ಲ ಕೂಡಿಟ್ಟಿದ್ದರೆ ಒಂದು ಮದುವೆ ಸುಧಾರಿಸಬಹುದಿತ್ತು ಎಂದು ನನ್ನ ಹೆಂಡತಿ ನಗುತ್ತಿದ್ದಳು. ನಾನು ಹೇಳಹೊರಟಿರುವುದು ಈ ಹೆಂಗಸಿನ ಕತೆ. ನಾನು ಸಬೀನೊ, ಅವಳ ಪಕ್ಕದ ಮನೆಯವನು, ನನಗೂ ಒಂದಿಷ್ಟು ದ್ರಾಕ್ಷಿ ತೋಟವಿದೆ. ಈ ಕತೆಯಲ್ಲಿ ನನ್ನ ತಪ್ಪೂ ಇದೆ. ನಡುನಡುವೆ ನಾನು ನನ್ನನ್ನೇ ಸಮರ್ಥಿಸಿಕೊಂಡರೆ ನಂಬಬೇಡಿ.

ಅವಳ ಅಪ್ಪ ಸೆರಾಪಿಯೊ ಎಬ್ರೊ ನದಿಯ ಆಚೆ ದಡದ ಪಟ್ಟಣದಲ್ಲಿ ಪೀಪಾಯಿ ಕಟ್ಟುವವನಾಗಿದ್ದ. ಹಳೆಯ ಪೀಪಾಯಿ ದುರಸ್ತಿಗೆ ಬಂದಾಗ ಬಿರಡೆ ತೆಗೆದು, ಆರು ವರ್ಷದ ಮಗಳನ್ನು ಸೊಂಟ ಹಿಡಿದು ಎತ್ತಿ, "ಮೂಸು, ಏನು ವಾಸನೆ?" ಎಂದು ಕೇಳುತ್ತಿದ್ದನಂತೆ. ಅವಳು "ಅಜ್ಜಿ ಪೆಟ್ಟಿಗೆ" ಅಂದರೆ ಆ ಪೀಪಾಯಿಗೆ ಇನ್ನೂ ಆಯಸ್ಸು ಇದೆ ಎಂದು ಅರ್ಥ. "ನೆನೆದ ನಾಯಿ" ಅಂದರೆ ಹಲಗೆ ಬಿಚ್ಚಿ ಒಲೆಗೆ. ಹೀಗೆ ಹದಿನಾರು ವರ್ಷ ಅವಳು ಓಕ್ ಮರದ ಹೊಟ್ಟೆಯೊಳಗೆ ಮೂಗಿಟ್ಟು ಬೆಳೆದಳು. ಬೇರೆ ಹುಡುಗಿಯರು ಕಸೂತಿ ಕಲಿತರು, ಇವಳು ವಾಸನೆ ಕಲಿತಳು. ಅದನ್ನು ಯಾರೂ ವಿದ್ಯೆ ಎಂದು ಲೆಕ್ಕಕ್ಕೆ ಹಿಡಿಯಲಿಲ್ಲ, ಅವಳ ಅಪ್ಪನೂ ಸೇರಿದಂತೆ.

1966ರಲ್ಲಿ ಅವಳು ಲೆಯಾಂದ್ರೊನನ್ನು ಮದುವೆಯಾಗಿ ನಮ್ಮೂರು ವಿಯಾರ್ಕೊಗೆ ಬಂದಳು. ಆಗ ಅವಳಿಗೆ ಇಪ್ಪತ್ತೆರಡು. ಬಂದ ಮೊದಲ ದಿನವೇ ಅತ್ತೆ ನೆಲಮಾಳಿಗೆಯ ಬಾಗಿಲು ತೋರಿಸಿ, "ಇದರೊಳಗೆ ಹೆಂಗಸರು ಕಾಲಿಡೋ ಹಾಗಿಲ್ಲ, ವೈನು ಕೆಟ್ಟುಹೋಗುತ್ತೆ" ಅಂದಳು. ನಮ್ಮೂರಿನಲ್ಲಿ ಎಲ್ಲ ಮನೆಯಲ್ಲೂ ಹಾಗೇ ಇತ್ತು. ಆದ್ದರಿಂದ ವೈನೇ ಅವಳಿದ್ದಲ್ಲಿಗೆ ಬರಬೇಕಾಯಿತು. ಆ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಲೆಯಾಂದ್ರೊ ಹೂಜಿಯಲ್ಲಿ ವೈನು ತಂದು ಅಡುಗೆಮನೆಯ ಮೇಜಿನ ಮೇಲಿಟ್ಟ. ಅವರ ಅಡುಗೆಮನೆಯ ಕಿಟಕಿ ನನ್ನ ಅಂಗಳಕ್ಕೆ ತೆರೆದುಕೊಳ್ಳುತ್ತದೆ. ನಾನು ಅಲ್ಲಿ ಕಟ್ಟಿಗೆ ಸೀಳುತ್ತಿದ್ದೆ.

"ಎಲ್ಲಿಂದ ತಂದಿ ಇದನ್ನ?" ಅಂದಳು ಕಸಿಲ್ದಾ.

"ಬಾಗಿಲ ಹತ್ತಿರದ ತೊಟ್ಟಿಯಿಂದ. ಯಾಕೆ?"

"ಅದರ ಮುಚ್ಚಳಕ್ಕೆ ಒದ್ದೆ ಬಟ್ಟೆ ಸುತ್ತಿದ್ದೀರಾ?"

"ನಿಂಗ್ಯಾರು ಹೇಳಿದ್ರು?"

"ವೈನು ಹೇಳ್ತಿದೆ. ಹೋಗು, ಒಣ ಬಟ್ಟೆ ಹಾಕು. ಇನ್ನೊಂದು ವಾರ ಬಿಟ್ರೆ ಪೂರ್ತಿ ಹಾಳಾಗುತ್ತೆ."

ಅವನು ಇಳಿದು ಹೋಗಿ ನೋಡಿದರೆ ಬಟ್ಟೆಗೆ ಬೂಷ್ಟು ಹಿಡಿದಿತ್ತು. ಆ ದಿನ ಸಂಜೆ ಮಕಾರಿಯೊನ ಹೋಟೆಲಿನಲ್ಲಿ ಲೆಯಾಂದ್ರೊ, "ವೈನಿನಲ್ಲಿ ಬೂಷ್ಟಿನ ಎಳೆ ಸಿಕ್ಕಿತು ನೋಡ್ರಪ್ಪ, ನಾಲಗೆಗೆ ತಗುಲಿದ ತಕ್ಷಣ ಗೊತ್ತಾಯ್ತು" ಎಂದ. ಯಾರ ನಾಲಗೆ ಎಂದು ಅವನು ಹೇಳಲಿಲ್ಲ, ನಾವು ಕೇಳಲೂ ಇಲ್ಲ.

ಅವನು ಮೋಸಗಾರನಲ್ಲ. ಬಳ್ಳಿ ಕತ್ತರಿಸುವುದರಲ್ಲಿ ಈ ಸುತ್ತಿನಲ್ಲೇ ಅವನ ಕೈಗೆ ಸಮ ಇಲ್ಲ. ಆದರೆ ಹದಿನೈದನೇ ವಯಸ್ಸಿನಿಂದ ಕರಿ ತಂಬಾಕು ಸೇದಿ ಸೇದಿ ಅವನ ಮೂಗು ಮುಖಕ್ಕೆ ಅಲಂಕಾರವಾಗಿ ಮಾತ್ರ ಉಳಿದಿತ್ತು. ತಮಾಷೆ ನೋಡಿ, ಊರು ಅವನಿಗೆ ಮೂಗರಾಯ ಎಂದು ಹೆಸರಿಟ್ಟಿತು, ಅದೂ ಗೌರವದಿಂದ. ವರ್ಷ ಕಳೆದಂತೆ ಅವನೇ ಅದನ್ನು ನಂಬತೊಡಗಿದ.

ನಮ್ಮ ವೈನೆಂದರೆ ದೊಡ್ಡ ಮನೆತನಗಳು ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಿಸಿ ಚರ್ಮದ, ತಂಬಾಕಿನ ವಾಸನೆ ಬರಿಸುವ ವೈನಲ್ಲ. ಆಯಾ ವರ್ಷದ್ದು ಆಯಾ ವರ್ಷವೇ ಕುಡಿಯುವಂಥದು. ಅಕ್ಟೋಬರಿನಲ್ಲಿ ದ್ರಾಕ್ಷಿಯನ್ನು ಬಿಡಿಸದೆ ಇಡೀ ಗೊಂಚಲನ್ನೇ ಕಲ್ಲಿನ ತೊಟ್ಟಿಗೆ ಸುರಿಯುತ್ತೇವೆ. ಅದು ತನ್ನ ಪಾಡಿಗೆ ಒಳಗೊಳಗೇ ಕುದಿಯುತ್ತದೆ. ತಾನಾಗಿ ಸೋರುವ ಮೊದಲ ರಸಕ್ಕೆ ನಾವು ಕಣ್ಣೀರು ಎನ್ನುತ್ತೇವೆ. ತುಳಿದಾಗ ಬರುವುದಕ್ಕೆ ಗುಂಡಿಗೆ, ಅಂದರೆ ವೈನಿನ ಎದೆ, ಎನ್ನುತ್ತೇವೆ. ಉಳಿದ ಸಿಪ್ಪೆಯನ್ನು ಗಾಣಕ್ಕೆ ಹಾಕಿ ಹಿಂಡಿದ್ದು ಗಾಣದ್ದು. ಕಣ್ಣೀರು ತೆಳು, ಗಾಣದ್ದು ಒರಟು, ಗುಂಡಿಗೆಯಲ್ಲಿ ಮನೆಯ ಮಾನ ಇರುತ್ತದೆ.

ಒಂದು ಮಧ್ಯಾಹ್ನ ಕಿಟಕಿಯಿಂದ ಅವಳ ಮಾತು ಕೇಳಿಸಿತು. "ಮೊದಲು ಮಾಗಿ ಮೆತ್ತಗಾದ ಸ್ಟ್ರಾಬೆರಿ, ಅಂಗಡಿಯವನು ನಾಳೆ ಎಸೀಬೇಕು ಅಂತಿರ್ತಾನಲ್ಲ, ಅಂಥದ್ದು. ಆಮೇಲೆ ಅತಿಮಧುರದ ಬೇರು. ಕೊನೇಲಿ ಒಂದು ಒಗರು ಬರುತ್ತೆ, ಎಳೆ ಬಳ್ಳಿಯ ತುದಿ ಕಚ್ಚಿದ ಹಾಗೆ. ಆ ಒಗರು ಇರ್ಬೇಕು ಕಣೋ, ಇಲ್ದಿದ್ರೆ ಅದು ಬರೀ ಪಾನಕ." ಅದೇ ಸಂಜೆ ಹೋಟೆಲಿನಲ್ಲಿ ಲೆಯಾಂದ್ರೊ ಕಣ್ಣು ಮುಚ್ಚಿ, ಲೋಟ ಎತ್ತಿ, ಸ್ಟ್ರಾಬೆರಿ, ಅತಿಮಧುರ, ಬಳ್ಳಿಯ ತುದಿ ಎಂದು ಅದೇ ಕ್ರಮದಲ್ಲಿ ಒಪ್ಪಿಸಿದ. ಪಾನಕವನ್ನೂ ಬಿಡಲಿಲ್ಲ. ಎಲ್ಲರೂ ತಲೆದೂಗಿದರು. ನಾನೂ ತೂಗಿದೆ. ಪಕ್ಕದ ಮನೆಯವನ ಮರ್ಯಾದೆ ಬೀದಿಗೆ ತರುವುದು ಬೇಡ ಎಂದು ನನಗೆ ನಾನೇ ಹೇಳಿಕೊಂಡೆ.

ಪ್ರತಿ ಮಾರ್ಚಿನಲ್ಲಿ, ಸಂತ ಯೋಸೇಫನ ಹಬ್ಬದ ಹಿಂದಿನ ಭಾನುವಾರ, ಹಳೆಯ ಶಾಲೆಯ ಕೋಣೆಯಲ್ಲಿ ಊರಿನ ಹೊಸ ವೈನುಗಳ ರುಚಿ ನೋಡುತ್ತೇವೆ. ಗೆದ್ದ ವೈನೇ ಹಬ್ಬದ ವೈನು. ಉದ್ದನೆಯ ಮೇಜಿಗೆ ಐದು ಕುರ್ಚಿ. ಆಗ ಕೂರುತ್ತಿದ್ದವರು ಲೆಯಾಂದ್ರೊ, ಹೋಟೆಲಿನ ಮಕಾರಿಯೊ, ಪಾದ್ರಿ ದೋನ್ ಒನೋರಿಯೊ, ಮುದುಕ ಎವೇಲಿಯೊ ಮತ್ತು ನಾನು. ಊರಿನ ಉಳಿದ ಗಂಡಸರು ಗೋಡೆಗೆ ಒರಗಿ ನಿಂತು ಕಾಲೆಳೆಯುತ್ತಾರೆ. ಯಾರ ವೈನು ಯಾವುದೆಂದು ನಮಗೆ ತಿಳಿಯಬಾರದೆಂದು ಹಿಂದಿನ ಅಡುಗೆಮನೆಯಲ್ಲಿ ಹೆಂಗಸರು ಹೂಜಿಗೆ ಬಗ್ಗಿಸಿ, ಬರೀ ನಂಬರು ಕಟ್ಟಿ ಕಳಿಸುತ್ತಾರೆ. ಆ ಕೆಲಸ ಕಸಿಲ್ದಾಳದು. ನಾವು ಹತ್ತರೊಳಗೆ ಅಂಕ ಬರೆದು ಚೀಟಿ ಮಡಚಿ ಕೊಡುತ್ತೇವೆ. ಮೊದಲ ಮೂರು ಸ್ಥಾನಗಳನ್ನು ಮಾತ್ರ ಓದುತ್ತಾರೆ, ಕೊನೆಗೆ ಬಂದವನ ಮಾನ ಉಳಿಯಲಿ ಎಂದು.

ಬಹಳ ವರ್ಷಗಳ ಹಿಂದೆ ಒಮ್ಮೆ ಲೆಯಾಂದ್ರೊ ಒಂದು ಹಾಳು ವೈನನ್ನು ಹೊಗಳಲು ಬಾಯಿ ತೆರೆದಾಗ, ಕಸಿಲ್ದಾ ಒಳಗಿನಿಂದ ಬಂದು ಅವನ ಮೊಣಕೈ ಪಕ್ಕ ಒಂದು ತಟ್ಟೆ ಚೀಸು ಇಟ್ಟಳು. ಚೀಸು ತಿಂದ ಬಾಯಿಗೆ ಎಂಥ ವೈನೂ ರುಚಿ. ಕೆಟ್ಟದ್ದನ್ನು ಮಾರುವವನು ಮೊದಲು ಚೀಸು ಕೊಡುತ್ತಾನೆ, ಇದು ನಮ್ಮೂರಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಲೆಯಾಂದ್ರೊ ಬಾಯಿ ಮುಚ್ಚಿಕೊಂಡ. ಅಲ್ಲಿಂದ ಅದು ಪದ್ಧತಿಯಾಯಿತು. ಚೀಸು ಬಂದರೆ ವೈನಿನಲ್ಲಿ ದೋಷ. ಬ್ರೆಡ್ಡು ಬಂದರೆ ಅಡ್ಡಿಯಿಲ್ಲ. ಏನೂ ಬರದಿದ್ದರೆ ಆ ವೈನಿಗೆ ಬೇರೇನೂ ಬೇಡ, ಅದೇ ಆ ವರ್ಷದ ರಾಜ. ಗಂಡಹೆಂಡತಿ ಇದರ ಬಗ್ಗೆ ಒಂದು ದಿನವೂ ಮಾತಾಡಲಿಲ್ಲ. ನಾನು ಮಾತ್ರ ಇದನ್ನು ಗಮನಿಸಿದ್ದೆ. ಅಥವಾ ನಾನು ಮಾತ್ರ ಎಂದುಕೊಂಡಿದ್ದೆ. ಲೆಯಾಂದ್ರೊನ ಮೊಣಕೈ ನೋಡಿಕೊಂಡು ನಾನೂ ಅಂಕ ಹಾಕುತ್ತಿದ್ದೆ. ನನ್ನ ತೀರ್ಪು ಮೂಗರಾಯನ ತೀರ್ಪಿಗೆ ಹೊಂದುತ್ತದೆ ಎಂದು ನನಗೂ ಸ್ವಲ್ಪ ಹೆಸರು ಬಂತು.

1998ರ ಜನವರಿಯಲ್ಲಿ ಎವೇಲಿಯೊ ತೀರಿಕೊಂಡ. ಕುರ್ಚಿ ಖಾಲಿಯಾಯಿತು. ಅದಾದ ಒಂದು ವಾರಕ್ಕೆ ಕಿಟಕಿಯಿಂದ ಮಾತು ಕೇಳಿಸಿತು.

"ಆ ಕುರ್ಚಿಗೆ ನನ್ನ ಹೆಸರು ಹೇಳು," ಅಂದಳು ಕಸಿಲ್ದಾ.

"ಯಾವ ಕುರ್ಚಿಗೆ?"

"ಎವೇಲಿಯೊದು. ನೀನು ಹೇಳಿದ್ರೆ ಯಾರೂ ಬೇಡ ಅನ್ನಲ್ಲ."

ಲೆಯಾಂದ್ರೊ ನಕ್ಕ. ಆಮೇಲೆ ಅವಳು ನಗುತ್ತಿಲ್ಲ ಎಂದು ತಿಳಿದು ನಿಲ್ಲಿಸಿದ. "ಜನ ಏನಂತಾರೆ ಕಸಿಲ್ದಾ? ಹೆಂಡತೀನ ಪಕ್ಕದಲ್ಲಿ ಕೂರಿಸ್ಕೊಂಡು ಬಂದ ಅಂತಾರೆ."

"ಮೂವತ್ತೆರಡು ವರ್ಷದಿಂದ ನಿನಗೇನು ಬೇಕು ಅಂತ ನಾನು ಕೇಳಿದೀನಿ. ನನಗೇನು ಬೇಕು ಅಂತ ಇವತ್ತು ಹೇಳ್ತಿದೀನಿ. ಆ ಕುರ್ಚಿ ಬೇಕು. ಅಷ್ಟೇ."

"ನೋಡೋಣ ಬಿಡು."

ಅವನು ನೋಡಿದ್ದು ಹೀಗೆ. ಫೆಬ್ರವರಿಯಲ್ಲಿ ಹೋಟೆಲಿನಲ್ಲಿ ಮಾತು ಬಂದಾಗ, "ಎವೇಲಿಯೊನ ಗೌರವಕ್ಕೆ ಈ ವರ್ಷ ಕುರ್ಚಿ ಖಾಲಿ ಇರಲಿ" ಎಂದ. ಒಪ್ಪುವವರು ಕೈ ಎತ್ತಿ ಎಂದು ಯಾರೋ ಅಂದರು. ಮಕಾರಿಯೊ ಎತ್ತಿದ, ಪಾದ್ರಿ ಎತ್ತಿದರು. ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದ ನಾನೂ ಎತ್ತಿದೆ. ಅವಳಿಗೆ ಆ ಕುರ್ಚಿ ಎಷ್ಟು ಬೇಕಿತ್ತು ಎಂದು ಆ ಕೋಣೆಯಲ್ಲಿ ಗೊತ್ತಿದ್ದವರು ಇಬ್ಬರೇ, ಅವಳ ಗಂಡ ಮತ್ತು ನಾನು. ಈಗ ನೆನೆದರೂ ನಾಚಿಕೆಯಾಗುತ್ತದೆ.

ಕಸಿಲ್ದಾ ಜಗಳವಾಡಲಿಲ್ಲ. ಮಾರ್ಚಿನ ಆ ಭಾನುವಾರ ಎಂದಿನಂತೆ ಬಿಳಿ ಏಪ್ರನ್ ಕಟ್ಟಿಕೊಂಡು ಶಾಲೆಯ ಅಡುಗೆಮನೆಗೆ ಬಂದಳು. ಎಂದಿನಂತೆ ಒಂಬತ್ತು ಹೂಜಿಗಳಿಗೆ ನಂಬರು ಕಟ್ಟಿದಳು. ಮೊದಲನೆಯ ವೈನು ಹೊರಗೆ ಬಂತು. ನಾವು ನಾಲ್ವರು ಲೋಟ ಆಡಿಸಿದೆವು, ಮೂಸಿದೆವು, ಚಪ್ಪರಿಸಿದೆವು. ತಟ್ಟೆ ಬರಲಿಲ್ಲ. ಆಹಾ, ಮೊದಲನೆಯದೇ ರಾಜ ಎಂದುಕೊಂಡು ನಾನು ಹತ್ತು ಬರೆದೆ.

ಎರಡನೆಯದು ಬಂತು, ತಟ್ಟೆ ಬರಲಿಲ್ಲ. ಹತ್ತು. ಮೂರನೆಯದಕ್ಕೂ ಬರಲಿಲ್ಲ. ಎಂಥ ವರ್ಷವಪ್ಪ ಇದು ಎಂದು ಒಳಗೊಳಗೇ ಹಿಗ್ಗಿದೆ. ನಾಲ್ಕನೆಯದನ್ನು ಮೂಗಿನ ಹತ್ತಿರ ತಂದಾಗ ಬಡಗಿಯ ಅಂಟಿನ ವಾಸನೆ ಗಪ್ಪೆಂದು ಹೊಡೆಯಿತು. ಕುಡಿದರೆ ನಾಲಗೆಯ ಎರಡೂ ಪಕ್ಕ ಚುರ್ ಎಂದಿತು. ಅಡುಗೆಮನೆಯ ಬಾಗಿಲು ನೋಡಿದೆ. ಲೆಯಾಂದ್ರೊನ ಮೊಣಕೈ ನೋಡಿದೆ. ಮೇಜು ಖಾಲಿ. ಹಾಳು ನೆಗಡಿ ನನಗೇ ಬಂದಿರಬೇಕು ಎಂದುಕೊಂಡೆ. ಕಸಿಲ್ದಾ ಚೀಸು ಕಳಿಸಿಲ್ಲ ಎಂದರೆ ನನ್ನ ಮೂಗೇ ಸುಳ್ಳು. ಹತ್ತು ಬರೆದು ಮಡಚಿದೆ. ಹಾಗೇ ಒಂಬತ್ತೂ ಮುಗಿದವು.

ಪುರಸಭೆಯ ಗುಮಾಸ್ತ ಚೀಟಿ ಬಿಚ್ಚಿ ಬರೆದುಕೊಳ್ಳುತ್ತ ಹೋದ. ನಡುವೆ ಕನ್ನಡಕ ತೆಗೆದು ಒರೆಸಿಕೊಂಡ. ಮತ್ತೆ ಮೊದಲಿನಿಂದ ನೋಡಿದ.

"ಒಂಬತ್ತು ವೈನು, ನಾಲ್ಕು ಜನ," ಅಂದ. "ಮೂವತ್ತಾರು ಚೀಟೀಲೂ ಹತ್ತೇ ಇದೆಯಲ್ರೀ."

 ಗೋಡೆಗೆ ಒರಗಿದ್ದವರಲ್ಲಿ ಒಬ್ಬ, "ನಾಲ್ಕನೇ ಹೂಜಿ ವಾಸನೆ ಇಲ್ಲಿಗೇ ಬರ್ತಿದೆ ಕಣ್ರೋ! ಅದಕ್ಕೂ ಹತ್ತಾ? ಅದ್ರಲ್ಲಿ ಕುರ್ಚಿ ಅಂಟಿಸ್ಬೋದು!" ಎಂದ. ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತು. ನಮ್ಮ ನಾಲ್ವರ ಮುಖ ಹುಳ್ಳಗಾಯಿತು.

"ನನಗೇನು ಗೊತ್ತು," ಎಂದು ಮಕಾರಿಯೊ ತಡೆಯಲಾರದೆ ಕೂಗಿದ. "ತಟ್ಟೆ ಬರಲಿಲ್ಲ, ಹತ್ತು ಹಾಕಿದೆ!"

ನಾನು ಅವನತ್ತ ತಿರುಗಿದೆ. "ನಿನಗೆ ತಟ್ಟೆ ವಿಷಯ ಹೇಗೆ ಗೊತ್ತು?"

"ನಿನಗೆ ಹೇಗೆ ಗೊತ್ತು?"

ಪಾದ್ರಿ ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ನಾನು... ಅದು... ಕಸಿಲ್ದಾ ಅವರ ಅಭಿಪ್ರಾಯದ ಮೇಲೆ ನನಗೆ ಮೊದಲಿನಿಂದಲೂ ವಿಶ್ವಾಸ," ಎಂದರು. ಲೆಯಾಂದ್ರೊ ಮೇಜಿನ ಮರದ ಗೆರೆಗಳನ್ನು ನೋಡುತ್ತಿದ್ದ. ಅವನೂ ಮೊದಮೊದಲು ಒಳ್ಳೆಯ ವರ್ಷವೆಂದೇ ನಂಬಿದ್ದನಂತೆ, ನಾಲ್ಕನೆಯದಕ್ಕೂ ತಟ್ಟೆ ಬಾರದಾಗ ಅವಳ ಸಿಟ್ಟು ಅರ್ಥವಾಯಿತಂತೆ, ಆದರೆ ಬೇರೆ ಯಾವ ಅಂಕ ಹಾಕಬೇಕೆಂದೇ ತಿಳಿಯಲಿಲ್ಲ ಎಂದು ಆಮೇಲೆ ನನ್ನ ಹತ್ತಿರ ಹೇಳಿದ. ಪಾಪ, ಅಲ್ಲಿ ಅವನಿಗಿಂತ ಒಂಟಿಯಾದವರು ಇರಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ಕಸಿಲ್ದಾ ನಿಂತಿದ್ದಳು. ಅವಳು ಸಂತೋಷಪಡುತ್ತಾಳೆ ಎಂದು ನಾನು ಎಣಿಸಿದ್ದೆ. ಇಡೀ ಊರೆದುರು ಅವಳ ನಾಲಗೆಯ ಬೆಲೆ ಬಯಲಾಗಿತ್ತಲ್ಲ. ಅವಳ ಮುಖ ನೋಡಿದರೆ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

"ಎಷ್ಟು ವರ್ಷದಿಂದ ಗೊತ್ತು?" ಎಂದು ಕೇಳಿದಳು. ದನಿ ಏರಿರಲಿಲ್ಲ.

"ಹನ್ನೆರಡು ಇರಬಹುದು," ಅಂದ ಮಕಾರಿಯೊ.

"ಈ ಊರಿಗೆ ಬಂದ ಮರುವರ್ಷದಿಂದ," ಅಂದರು ಪಾದ್ರಿ.

"ಶುರುವಿನಿಂದ," ಅಂದೆ ನಾನು.

"ಗಂಡನ ಮಾನ ಕಾಪಾಡ್ತಿದೀನಿ ಅಂದ್ಕೊಂಡಿದ್ದೆ. ಇಲ್ಲಿ ನೋಡಿದ್ರೆ ನಾಲ್ಕು ಜನರದ್ದು ಕಾಪಾಡ್ತಿದ್ದೆ." ಏಪ್ರನ್ನಿನ ಗಂಟು ಬಿಚ್ಚತೊಡಗಿದಳು. "ಗೊತ್ತಿದ್ದೂ ಕೈ ಎತ್ತಿದ್ರಲ್ಲ, ಕುರ್ಚಿ ಖಾಲಿ ಇರಲಿ ಅಂತ. ಬೇರೆಯವರು ಕೂತಿದ್ರೆ ನಂಗೆ ಬೇಜಾರಿರ್ಲಿಲ್ಲ. ಖಾಲಿ ಬಿಟ್ರಿ. ನನಗಿಂತ ಖಾಲಿ ಕುರ್ಚಿ ವಾಸಿ ಅನ್ನಿಸ್ತು ನಿಮಗೆ."

  ಅವಳು ಏಪ್ರನ್ನು ಮಡಚಿ ಕಿಟಕಿಯ ಕಟ್ಟೆಯ ಮೇಲಿಟ್ಟು, ಎವೇಲಿಯೊನ ಕುರ್ಚಿಯನ್ನು ಎಳೆದುಕೊಂಡು ಕೂತಳು. ಅನುಮತಿ ಕೇಳಲಿಲ್ಲ. ತೊಳೆದ ಲೋಟಗಳನ್ನು ತರಲು ಹೇಳಿದಳು. ಲೋಟ ತರಲು ಎದ್ದದ್ದು ಲೆಯಾಂದ್ರೊ. ಅವನೇ ಹೂಜಿ ಎತ್ತಿ ಬಗ್ಗಿಸಿದ.

ಅವಳು ಅವಸರ ಮಾಡಲಿಲ್ಲ. ಮೊದಲನೆಯದಕ್ಕೆ ಏಳು ಎಂದಳು, ಹಣ್ಣು ಚೆನ್ನಾಗಿದೆ, ನಡು ತೆಳು. ಎರಡನೆಯದನ್ನು ಉಗುಳಿ ಗಂಡನತ್ತ ನೋಡಿದಳು.

"ಇದು ನಮ್ಮದು. ಗುಂಡಿಗೆಗೆ ಗಾಣದ್ದು ಬೆರೆಸಬೇಡ ಅಂದಿದ್ದೆ."

"ಒಂದೇ ಒಂದು ಬಿಂದಿಗೆ ಕಣೇ."

"ಒಂದಾ?"

"ಒಂದೂವರೆ," ಅಂದ ಲೆಯಾಂದ್ರೊ. ಕೋಣೆಯಲ್ಲಿ ಮತ್ತೆ ನಗು ಎದ್ದಿತು. ಈ ಸಲ ಅವನೂ ನಕ್ಕ. ಅವಳು ಸ್ವಂತ ಮನೆಯ ವೈನಿಗೆ ಐದು ಕೊಟ್ಟಳು.

ನಾಲ್ಕನೆಯ ಲೋಟವನ್ನು ಬಾಯಿಗಿಡದೆ ಬದಿಗೆ ಸರಿಸಿದಳು. ಏಳನೆಯದನ್ನು ಬಾಯಲ್ಲಿ ಆಡಿಸಿ ಉಗುಳಿ, ಲೋಟವನ್ನು ಬೆಳಕಿಗೆ ಹಿಡಿದಳು. ಲೋಟದ ಅಂಚಿನಲ್ಲಿ ಆ ವೈನು ಶಾಯಿಯಂತೆ ನೇರಳೆ ಬಣ್ಣದಲ್ಲಿ ಅಂಟಿಕೊಂಡಿತ್ತು. "ಮುಳ್ಳುಬೇಲಿ ಕಪ್ಪು ಹಣ್ಣು," ಅಂದಳು. "ಬಿಸಿಲಲ್ಲಿ ಬೇಲಿಗೆ ಕೈ ಹಾಕಿ ಕಿತ್ತಿದ್ದು, ಫ್ರಿಜ್ಜಿನದಲ್ಲ. ಆಮೇಲೆ ಅತಿಮಧುರ. ಆಮೇಲೆ ಹುಳಿ, ಅದು ಬಾಯನ್ನ ತೊಳೆದು ಇನ್ನೊಂದು ಗುಟುಕು ಕೇಳುತ್ತೆ. ಕೊನೇಲಿ ಒಗರು ಹಿಡ್ಕೊಳುತ್ತೆ, ಆದ್ರೆ ಪರಚಲ್ಲ. ಇದು ಗುಂಡಿಗೆ. ಬರೀ ಗುಂಡಿಗೆ. ಒಂಬತ್ತೂವರೆ." ಆಮೇಲೆ ಲೋಟವನ್ನು ಗಂಡನತ್ತ ಚಾಚಿದಳು. "ಕುಡಿ. ನಿನಗೇನು ಅನ್ಸುತ್ತೆ ಹೇಳು, ನಾನು ಹೇಳಿದ್ದನ್ನಲ್ಲ."

ಲೆಯಾಂದ್ರೊ ಕುಡಿದ.  "ಚೆನ್ನಾಗಿದೆ," ಅಂದ. "ನನಗೆ ಅಷ್ಟೇ ಗೊತ್ತಾಗೋದು, ಕಸಿಲ್ದಾ." ಮೂವತ್ತೆರಡು ವರ್ಷದಲ್ಲಿ ಆ ಮನುಷ್ಯ ವೈನಿನ ಬಗ್ಗೆ ಆಡಿದ ಮೊದಲ ಸ್ವಂತ ಮಾತು ಅದು. ಅವನ ಮೇಲೆ ನನಗೆ ಪ್ರೀತಿ ಉಕ್ಕಿತು.

ಒಂಬತ್ತೂ ಮುಗಿದ ಮೇಲೆ ಅವಳು ಬದಿಗಿಟ್ಟ ನಾಲ್ಕನೆಯ ಲೋಟ ತೆಗೆದುಕೊಂಡಳು. ಒಮ್ಮೆ ಮೂಸಿ ಕೆಳಗಿಟ್ಟಳು.

"ಇದು ಹೋಗಿದೆ. ಇದಕ್ಕೆ ಅಂಕ ಇಲ್ಲ."

"ಯಾರದು?" ಎಂದ ಗುಮಾಸ್ತ.

"ಅದನ್ನ ಹೇಳೋದು ನನ್ನ ಕೆಲಸ ಅಲ್ಲ."

ಆಗ ಆ ವಾಸನೆ ಎಲ್ಲಿಯದೆಂದು ನನಗೆ ಹೊಳೆಯಿತು. ನನ್ನ ನೆಲಮಾಳಿಗೆಗೆ ಇಳಿದಾಗಲೆಲ್ಲ ಅದೇ ಬರುತ್ತಿತ್ತು. ಬಾಗಿಲಿಗೆ ಬಳಿದ ವಾರ್ನಿಷ್ ಇನ್ನೂ ಆರಿಲ್ಲ ಎಂದುಕೊಳ್ಳುತ್ತಿದ್ದೆ. ವಾರ್ನಿಷ್ ಬಳಿದು ಮೂರು ವರ್ಷವಾಗಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ದಿನ ಸುಮ್ಮನಿರುವುದು ಸಾಕಾಗಿ ಹೋಗಿತ್ತು. ಎದ್ದು ನಿಂತೆ.

"ನಂದು," ಅಂದೆ.

"ಗೊತ್ತು," ಅಂದಳು ಕಸಿಲ್ದಾ. "ಮೂರು ವರ್ಷದಿಂದ ಹೀಗೇ ಆಗ್ತಿದೆ. ತೊಟ್ಟೀನ ಅಂಚಿನವರೆಗೆ ತುಂಬಿಸದೆ ಬಿಡ್ತೀಯ. ಮೇಲೆ ಗಾಳಿ ಕೂತು ಹುಳಿ ಹಿಡಿಯುತ್ತೆ."

ನನಗೆ ಸಿಟ್ಟು ಬಂತು. ಯಾಕೆ ಎಂದು ಕೇಳಬೇಡಿ, ನಾಚಿಕೆಯಾದಾಗ ನನಗೆ ಸಿಟ್ಟೇ ಬರುವುದು. "ಮೂರು ವರ್ಷದಿಂದ ಗೊತ್ತಿದ್ರೆ ಒಂದು ಮಾತು ಹೇಳಬಾರದಿತ್ತಾ? ಪಕ್ಕದ ಮನೇಲೇ ಇದೀನಲ್ಲ!"

ಅವಳು ನನ್ನನ್ನು ನೇರವಾಗಿ ನೋಡಿದಳು. ಆ ನೋಟದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

"ನೀನು ಅಂಗಳದಲ್ಲಿ ಕೊಡಲಿ ಕೆಳಗಿಟ್ಟು ನಿಲ್ಲೋದು ನಂಗೆ ಗೊತ್ತಾಗ್ತಿತ್ತು, ಸಬೀನೊ. ಕಟ್ಟಿಗೆ ಸದ್ದು ನಿಂತುಹೋಗ್ತಿತ್ತಲ್ಲ. ಮೂವತ್ತೆರಡು ವರ್ಷ ನೀನು ನನ್ನ ಮಾತು ಕೇಳಿಸ್ಕೊಂಡೆ. ಒಂದು ದಿನವಾದ್ರೂ ನನ್ನ ಕೇಳಿದ್ಯಾ?"

ಗುಮಾಸ್ತ ನಾಲ್ಕನೆಯದರ ಮುಂದೆ ಸೊನ್ನೆ ಬರೆದ. ನಾನು ಕೂತುಕೊಂಡೆ.